ಸೆರೆಮನೆಯ ಹುಳು, ಕೊಬ್ಬರಿ ಡಬ್ಬಿಯ ಹುಳು

ಫ್ರಾನ್ಸ್ ದೇಶದ ಬೋರ್ಡೋ ನಗರ. 1794ನೇ ಇಸವಿ. ಮಹಾಕ್ರಾಂತಿಯ ಕಾವು ನೆತ್ತಿಗೇರಿದ್ದ ದಿನಗಳು. ದೊರೆ ಹದಿನಾರನೇ ಲೂಯಿಯ ತಲೆ ಉರುಳಿ ಒಂದು ವರ್ಷ ಕಳೆದಿತ್ತು. ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡದ ಪಾದ್ರಿಗಳನ್ನು ಹಿಡಿಹಿಡಿದು ಸೆರೆಮನೆಗೆ ತಳ್ಳಲಾಗುತ್ತಿತ್ತು. ಒಳಗೆ ಹೋದವರ ಮುಂದೆ ಇದ್ದದ್ದು ಎರಡೇ ದಾರಿ. ಒಂದು ಗಿಲೋಟಿನ್ ಯಂತ್ರ, ಇನ್ನೊಂದು ಗಡೀಪಾರಿನ ಹಡಗು.

ಅಂಥದೊಂದು ಸೆರೆಮನೆಗೆ ಕೈದಿಗಳನ್ನು ನೋಡಲು ವೈದ್ಯನೊಬ್ಬ ಬಂದ. ಮೂವತ್ತೊಂದು ವರ್ಷದ ಒಬ್ಬ ಪಾದ್ರಿ ಮಾತ್ರ ನೆಲಕ್ಕೆ ಬಗ್ಗಿ ಏನನ್ನೋ ಕಣ್ಣಿಟ್ಟು ನೋಡುತ್ತಿದ್ದ. ಏನದು ಎಂದು ವೈದ್ಯ ಕೇಳಿದ. ಪಾದ್ರಿ ಒಂದು ಪುಟ್ಟ ಹುಳುವನ್ನು ತೋರಿಸಿ, ಇದು ಬಹಳ ಅಪರೂಪದ ದುಂಬಿ ಎಂದು ವಿವರಿಸತೊಡಗಿದ. ಸಾವಿನ ಬಾಗಿಲಲ್ಲಿ ಕುಳಿತವನು ಹುಳುವಿನ ಕತ್ತಿನ ಬಣ್ಣದ ಬಗ್ಗೆ ಮಾತಾಡುವುದೆಂದರೇನು! ವೈದ್ಯನಿಗೆ ಅಚ್ಚರಿಯಾಯಿತು. ಊರಿನಲ್ಲಿ ಪ್ರಕೃತಿಶಾಸ್ತ್ರದ ಹುಚ್ಚು ಹತ್ತಿಸಿಕೊಂಡಿದ್ದ ಹುಡುಗನೊಬ್ಬನ ಪರಿಚಯ ಅವನಿಗಿತ್ತು. ಹುಳುವನ್ನು ಅವನಿಗೆ ತಲುಪಿಸಿದ.

ಆ ಹುಡುಗನ ಹೆಸರು ಬೋರಿ ದ ಸೇಂಟ್-ವಿನ್ಸೆಂಟ್. ವಯಸ್ಸು ಹದಿನೈದು. ಹುಳುವನ್ನು ಕಳಿಸಿದ ಕೈದಿಯ ಹೆಸರು ಕೇಳಿದ ಕೂಡಲೇ ಅವನಿಗೆ ಗುರುತು ಸಿಕ್ಕಿತು. ಪಿಯೆರ್ ಆಂದ್ರೆ ಲಾತ್ರೇಯ್! ಕೀಟಗಳ ಬಗ್ಗೆ ಆತ ಬರೆದದ್ದು ಈ ಹುಡುಗನಿಗೆ ಗೊತ್ತಿತ್ತು. ಬೋರಿ ಸುಮ್ಮನೆ ಕೂರಲಿಲ್ಲ. ಓಡಾಡಿ, ದೊಡ್ಡವರನ್ನು ಹಿಡಿದು, ಲಾತ್ರೇಯ್‌ನನ್ನೂ ಆತನ ಜೊತೆಗಿದ್ದ ಇನ್ನೊಬ್ಬ ಕೈದಿಯನ್ನೂ ಬಿಡಿಸಿಕೊಂಡು ಬಂದ. ಒಳಗೆ ಉಳಿದವರು ಒಂದು ತಿಂಗಳೊಳಗೆ ಇಲ್ಲವಾದರು.

ಆ ಲಾತ್ರೇಯ್ ಮುಂದೆ ತನ್ನ ಕಾಲದ ಕೀಟವಿಜ್ಞಾನಿಗಳಲ್ಲಿ ಅಗ್ರಗಣ್ಯನೆನಿಸಿದ. ಆತನ ಪ್ರಾಣ ಉಳಿಸಿದ ಹುಳು ಯಾವುದು ಗೊತ್ತೆ? ಅದರ ಹೆಸರು ನೆಕ್ರೋಬಿಯಾ ರೂಫಿಕಾಲಿಸ್. ಅದರ ಒಡಹುಟ್ಟಿದಂಥ ಇನ್ನೊಂದು ಹುಳುವನ್ನು ನೀವು ನಿಮ್ಮ ಮನೆಯಲ್ಲೇ ಕಂಡಿರಬಹುದು. ಮಳೆಗಾಲದಲ್ಲಿ ಕೊಬ್ಬರಿ ಡಬ್ಬಿಯ ಮುಚ್ಚಳ ತೆಗೆದಾಗ ಗಡಬಡಿಸಿ ಓಡುವ, ನೀಲಿ ಲೋಹದಂತೆ ಮಿನುಗುವ ಪುಟ್ಟ ಹುಳುವೇ ಅದು. ಅಮ್ಮ ಅದನ್ನು ‘ಥೂ’ ಎಂದು ಮೊರದಿಂದ ಕೊಡವಿ ಬಿಸಾಡಿರುತ್ತಾರೆ.

ಚೌಕಳಿ ದುಂಬಿಗಳ ಮನೆತನ

ದುಂಬಿ ಎಂದೊಡನೆ ಹೂವಿನ ಸುತ್ತ ಗುಂಯ್‌ಗುಡುವ ಕವಿಗಳ ಭ್ರಮರ ನೆನಪಾದೀತು. ಇಲ್ಲಿ ಹೇಳುತ್ತಿರುವುದು ಅದಲ್ಲ. ಮುಂದಿನ ಎರಡು ರೆಕ್ಕೆಗಳು ಗಟ್ಟಿಯಾದ ಮುಚ್ಚಳದಂತಾಗಿ, ಹಿಂದಿನ ತೆಳು ರೆಕ್ಕೆಗಳನ್ನು ಅದರಡಿ ಮಡಿಚಿಟ್ಟುಕೊಳ್ಳುವ ಕೀಟಗಳೆಲ್ಲ ವಿಜ್ಞಾನದ ಲೆಕ್ಕದಲ್ಲಿ ದುಂಬಿಗಳೇ. ತೆಂಗಿನ ಸುಳಿ ಕೊರೆಯುವ ಕುರುವಾಯಿ, ಸಗಣಿ ಉಂಡೆ ಉರುಳಿಸುವ ಹುಳು, ಅಕ್ಕಿಯ ಮೂತಿಹುಳು ಎಲ್ಲವೂ ಇದೇ ಬಳಗ.

ಈ ದೊಡ್ಡ ಬಳಗದಲ್ಲಿ ಕ್ಲೆರಿಡೇ ಎಂಬುದು ಒಂದು ಕುಟುಂಬ. ಪ್ರಪಂಚದಲ್ಲಿ ಇದರ ಸುಮಾರು ಮೂರೂವರೆ ಸಾವಿರ ಪ್ರಭೇದಗಳಿವೆ. ಹಲವುಗಳ ಬೆನ್ನ ಮೇಲೆ ಕೆಂಪು, ಕಪ್ಪು, ಹಳದಿ, ಬಿಳಿಯ ಪಟ್ಟೆಗಳು ನಮ್ಮ ಚೌಕಳಿ ಪಂಚೆಯ ಹಾಗೆ ಇರುವುದರಿಂದ ಇವಕ್ಕೆ ‘ಚೌಕಳಿ ದುಂಬಿ’ ಎನ್ನಬಹುದು. ಮೈತುಂಬ ಬಿರುಸಾದ ಕೂದಲು, ಉದ್ದನೆಯ ಮೈ, ಚುರುಕು ನಡೆ. ಕೆಲವು ಇರುವೆಯ ಹಾಗೆ ಕಾಣುತ್ತವೆ. ಇರುವೆಯ ಕಚ್ಚು ಗೊತ್ತಿರುವ ಹಕ್ಕಿ ಅವುಗಳ ತಂಟೆಗೆ ಹೋಗದು.

ಈ ಮನೆತನದ ಕುಲಕಸುಬು ಬೇಟೆ. ಯೂರೋಪಿನ ಪೈನ್ ಮತ್ತು ಸ್ಪ್ರೂಸ್ ಕಾಡುಗಳಲ್ಲಿ ತೊಗಟೆಯ ಅಡಿ ಸುರಂಗ ಕೊರೆದು ಮರಗಳನ್ನು ಕೊಲ್ಲುವ ತೊಗಟೆ ದುಂಬಿಗಳಿವೆ. ತಮ್ಮವರನ್ನು ಕರೆಯಲು ಅವು ಗಾಳಿಗೆ ಒಂದು ಬಗೆಯ ವಾಸನೆ ಬಿಡುತ್ತವೆ. ಥಾನಾಸಿಮಸ್ ಎಂಬ ಚೌಕಳಿ ದುಂಬಿ ಅದೇ ವಾಸನೆಯ ಜಾಡು ಹಿಡಿದು ಬರುತ್ತದೆ! ಮರಕ್ಕೆ ಬಂದಿಳಿಯುವ ತೊಗಟೆ ದುಂಬಿಗಳನ್ನು ಹಿಡಿದು ತಿನ್ನುತ್ತದೆ. ಅದರ ಮರಿಗಳು ತೊಗಟೆಯೊಳಗೆ ನುಗ್ಗಿ ಶತ್ರುವಿನ ಮರಿಗಳನ್ನು ತಿನ್ನುತ್ತವೆ. ಕರೆಯೋಲೆ ಬರೆದದ್ದು ನೆಂಟರಿಗೆ, ಓದಿಕೊಂಡು ಬಂದವನು ಕಳ್ಳ ಎಂಬಂತೆ. ನಮ್ಮ ದೇಶದಲ್ಲಿ ಟಿಲ್ಲಸ್ ನೋಟಾಟಸ್ ಎಂಬ ಇನ್ನೊಂದು ಚೌಕಳಿ ದುಂಬಿ ಬಿದಿರು ಕೊರೆಯುವ ಹುಳುಗಳನ್ನು ಬೇಟೆಯಾಡುತ್ತದೆ. ಯೂರೋಪಿನ ಟ್ರೈಕೋಡಿಸ್ ಎಂಬುದರ ಮರಿಗಳು ಜೇನು ಜಾತಿಯ ನೊಣಗಳ ಗೂಡು ಹೊಕ್ಕು ಅವುಗಳ ಮರಿಗಳನ್ನು ತಿನ್ನುತ್ತವೆ.

ಇಂಥ ಬೇಟೆಗಾರರ ಮನೆಯಲ್ಲಿ ಹುಟ್ಟಿಯೂ ಬೇರೊಂದು ದಾರಿ ಹಿಡಿದದ್ದು ನೆಕ್ರೋಬಿಯಾ. ಗ್ರೀಕ್ ಭಾಷೆಯಲ್ಲಿ ‘ನೆಕ್ರೋಸ್’ ಎಂದರೆ ಸತ್ತದ್ದು, ‘ಬಿಯೋಸ್’ ಎಂದರೆ ಬದುಕು. ಸತ್ತದ್ದರ ಮೇಲೆ ಬದುಕುವ ಜೀವಿ ಎಂದು ಅರ್ಥ. ಮರಣದ ಮನೆಯಿಂದ ಒಬ್ಬನನ್ನು ಬದುಕಿಸಿ ತಂದ ಹುಳುವಿಗೆ ಈ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.

ಕೆಂಗೊರಳು, ಕೆಂಗಾಲು

ಈ ಗುಂಪಿನಲ್ಲಿ ಮನುಷ್ಯರ ನೆರೆಯಲ್ಲಿ ಹೆಚ್ಚಾಗಿ ಕಾಣುವುದು ಮೂರು ಪ್ರಭೇದಗಳು. ಗುರುತು ಹಿಡಿಯುವುದು ಕಷ್ಟವಲ್ಲ. ಮೂರೂ ನೀಲಿ ಮಿಂಚಿನವು, ಉದ್ದ ಸುಮಾರು ನಾಲ್ಕರಿಂದ ಏಳು ಮಿಲಿಮೀಟರ್, ಅಂದರೆ ಒಂದು ಅಕ್ಕಿಕಾಳಿನ ಆಸುಪಾಸು.

ಎದೆಯ ಮೇಲ್ಭಾಗ ಮತ್ತು ರೆಕ್ಕೆಯ ಬುಡ ಇಟ್ಟಿಗೆ ಕೆಂಪಾಗಿದ್ದು, ಉಳಿದ ರೆಕ್ಕೆ ನೀಲಿಯಾಗಿದ್ದರೆ ಅದು ರೂಫಿಕಾಲಿಸ್, ಕೆಂಗೊರಳಿನ ದುಂಬಿ. ಲಾತ್ರೇಯ್‌ನ ಹುಳು ಇದೇ. ಮೈಯೆಲ್ಲ ಹಸಿರುಮಿಶ್ರಿತ ನೀಲಿಯಾಗಿದ್ದು ಕಾಲುಗಳು ಮಾತ್ರ ಕೆಂಪಾಗಿದ್ದರೆ ಅದು ರೂಫಿಪೆಸ್, ಕೆಂಗಾಲಿನ ದುಂಬಿ. ನಮ್ಮ ಕೊಬ್ಬರಿಯ ಹುಳು ಇದು. ಮೈಯೂ ನೀಲಿ, ಕಾಲೂ ಕಪ್ಪು ಎಂದಾದರೆ ಅದು ವಯೊಲೇಸಿಯಾ.

ಕೈಯಲ್ಲಿ ಒಂದು ಭೂತಕನ್ನಡಿ ಇದ್ದರೆ ಇನ್ನೂ ಕಾಣಬಹುದು. ಮೀಸೆಯ ತುದಿಯ ಮೂರು ಗಂಟುಗಳು ದಪ್ಪಗಾಗಿ ಪುಟ್ಟ ಗದೆಯಂತಿರುತ್ತವೆ. ಕೆಂಗಾಲಿನ ದುಂಬಿಯಲ್ಲಿ ಮೀಸೆಯ ಬುಡ ಕೆಂಪು, ಗದೆ ಕಪ್ಪು. ರೆಕ್ಕೆಯ ಮುಚ್ಚಳದ ಮೇಲೆ ಸೂಜಿಯಿಂದ ಚುಚ್ಚಿದಂಥ ಚುಕ್ಕೆಗಳ ಸಾಲು. ನಡುನಡುವೆ ನೆಟ್ಟಗೆ ನಿಂತ ಕಪ್ಪು ಕೂದಲು.

1775ನೇ ಇಸವಿ ಈ ಹುಳುಗಳ ಪಾಲಿಗೆ ನಾಮಕರಣದ ವರ್ಷ. ಕೆಂಗಾಲಿನದಕ್ಕೆ ಸ್ವೀಡನ್ನಿನ ಚಾರ್ಲ್ಸ್ ಡಿ ಗೀರ್, ಕೆಂಗೊರಳಿನದಕ್ಕೆ ಲಿನ್ನೇಯಸ್‌ನ ಶಿಷ್ಯ ಫ್ಯಾಬ್ರಿಸಿಯಸ್, ಇಬ್ಬರೂ ಒಂದೇ ವರ್ಷ ಹೆಸರಿಟ್ಟು ವರ್ಣಿಸಿದರು. ಅಂದರೆ ಲಾತ್ರೇಯ್ ಸೆರೆಮನೆಯಲ್ಲಿ ತನ್ನ ಹುಳುವನ್ನು ಕಂಡಾಗ ವಿಜ್ಞಾನಕ್ಕೆ ಅದರ ಪರಿಚಯವಾಗಿ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಆತನಿಗೆ ಅದು ಅಪರೂಪವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕಾಗದದ ಬಾಗಿಲು

ಕೆಂಗಾಲಿನ ದುಂಬಿಯ ಬದುಕನ್ನು ಅಮೆರಿಕದ ಸಿಮನ್ಸ್ ಮತ್ತು ಎಲಿಂಗ್ಟನ್ ಎಂಬಿಬ್ಬರು ವಿವರವಾಗಿ ಅಧ್ಯಯನ ಮಾಡಿ 1925ರಲ್ಲಿ ಪ್ರಕಟಿಸಿದರು. ಅಲ್ಲಿ ಇದಕ್ಕೆ ‘ಹ್ಯಾಮ್ ದುಂಬಿ’ ಎಂದೇ ಹೆಸರು. ಉಪ್ಪು ಹಚ್ಚಿ ಒಣಗಿಸಿದ ಹಂದಿಯ ತೊಡೆಯ ಮಾಂಸಕ್ಕೆ ಇದು ಮುತ್ತುತ್ತಿದ್ದುದೇ ಕಾರಣ. ಶೈತ್ಯಾಗಾರಗಳು ಬಳಕೆಗೆ ಬರುವ ಮೊದಲು ಮಾಂಸ ವ್ಯಾಪಾರಿಗಳಿಗೆ ಈ ಹುಳು ದೊಡ್ಡ ತಲೆನೋವಾಗಿತ್ತು.

ಹೆಣ್ಣು ದುಂಬಿ ಸೀಳುಗಳಲ್ಲಿ, ಸಂದುಗಳಲ್ಲಿ ಮೊಟ್ಟೆ ಇಡುತ್ತದೆ. ಒಂದು ಮೊಟ್ಟೆ ಒಂದು ಮಿಲಿಮೀಟರ್ ಉದ್ದ, ಬಾಳೆಹಣ್ಣಿನಂತೆ ತುಸು ಬಾಗಿದ ಆಕಾರ. ನಾಲ್ಕಾರು ದಿನಕ್ಕೆ ಮರಿ ಹೊರಬರುತ್ತದೆ. ಕಂದು ತಲೆ, ಮಾಸಲು ಮೈ, ಬೆನ್ನಿನ ಮೇಲೆ ಊದಾ ಬಣ್ಣದ ಮಚ್ಚೆಗಳು, ಬಾಲದ ತುದಿಯಲ್ಲಿ ಎರಡು ಪುಟ್ಟ ಕೊಕ್ಕೆಗಳು. ಮರಿ ಬೆಳಕಿಗೆ ಹೆದರುತ್ತದೆ. ಕೊಬ್ಬಿನ ಅಂಶ ಹೆಚ್ಚಿರುವ ಕಡೆ ಕೊರೆಯುತ್ತ ಒಳಗೊಳಗೇ ತಿನ್ನುತ್ತದೆ. ಕೆಲವು ಬಾರಿ ಪೊರೆ ಕಳಚಿ ಸುಮಾರು ಒಂದು ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತದೆ.

ಇಲ್ಲಿಂದ ಮುಂದಿನದು ಸೋಜಿಗದ ಕೆಲಸ. ಬೆಳೆದ ಮರಿ ಉಣ್ಣುವುದನ್ನು ಬಿಟ್ಟು, ಜಿಡ್ಡಿಲ್ಲದ, ಒಣಗಿದ, ಕತ್ತಲಿನ ಮೂಲೆಯೊಂದನ್ನು ಹುಡುಕುತ್ತದೆ. ಗೋಡೆಯ ಬಿರುಕು, ಪೆಟ್ಟಿಗೆಯ ಸಂದು, ಮರದ ಮೃದು ಭಾಗ ಯಾವುದಾದರೂ ಸರಿ. ಅಲ್ಲಿ ಕೋಣೆಯೊಂದನ್ನು ಮಾಡಿಕೊಂಡು ಬಾಯಿಂದ ನೊರೆಯಂಥ ರಸ ಉಗುಳಿ ತೆರೆದ ಜಾಗವನ್ನೆಲ್ಲ ಮುಚ್ಚುತ್ತದೆ. ನೊರೆ ಒಣಗಿ ಬಿಳಿಯ ಕಾಗದದಂತೆ ಗಟ್ಟಿಯಾಗುತ್ತದೆ. ಇದರಿಂದಾಗಿ ಮಾಂಸದ ಗೋದಾಮಿನ ಕೆಲಸಗಾರರು ಇದಕ್ಕೆ ‘ಕಾಗದದ ಹುಳು’ ಎಂದೇ ಹೆಸರಿಟ್ಟಿದ್ದರು. ಆ ಕಾಗದದ ಬಾಗಿಲ ಹಿಂದೆ ಮರಿ ಕೋಶವಾಗಿ, ಒಂದರಿಂದ ಮೂರು ವಾರದಲ್ಲಿ ನೀಲಿ ದುಂಬಿಯಾಗಿ ಹೊರಬರುತ್ತದೆ.

ಕಾಗದದ ಬಾಗಿಲು ಯಾಕೆ ಬೇಕು? ಈ ಹುಳುಗಳಿಗೆ ತಮ್ಮವರು ಹೊರಗಿನವರು ಎಂಬ ಭೇದವಿಲ್ಲ. ಹಸಿದರೆ ಒಂದನ್ನೊಂದು ತಿನ್ನುತ್ತವೆ, ಮೊಟ್ಟೆಯನ್ನೂ ಬಿಡುವುದಿಲ್ಲ. ಕೋಶದೊಳಗೆ ಕೈಕಾಲಾಡಿಸಲಾರದೆ ಮಲಗಿರುವಾಗ ಬಾಗಿಲು ಹಾಕಿಕೊಳ್ಳುವುದೇ ಕ್ಷೇಮ.

ಮೊಟ್ಟೆಯಿಂದ ದುಂಬಿಯಾಗುವವರೆಗಿನ ಅವಧಿ ಸೆಕೆ ಮತ್ತು ಆಹಾರವನ್ನು ಅವಲಂಬಿಸಿ ಐದಾರು ವಾರವೂ ಆಗಬಹುದು, ಐದು ತಿಂಗಳೂ ಆಗಬಹುದು. ಮೂವತ್ತು ಡಿಗ್ರಿಗಿಂತ ತುಸು ಮೇಲಿನ ಶಾಖ ಇದಕ್ಕೆ ಬಹಳ ಹಿತ. ಬೆಳೆದ ದುಂಬಿ ಒಂದು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಇಷ್ಟು ಸಣ್ಣ ಜೀವಕ್ಕೆ ಇದು ದೀರ್ಘಾಯುಷ್ಯವೇ ಸರಿ.

ಹಡಗು ಹತ್ತಿ ಲೋಕ ಸುತ್ತಿದ್ದು

ಬಹುಪಾಲು ಚೌಕಳಿ ದುಂಬಿಗಳಿಗೆ ಇಂಥ ಕಾಡು, ಇಂಥ ಮರ ಎಂಬ ಎಲ್ಲೆಯುಂಟು. ಕೆಂಗಾಲಿನ ದುಂಬಿಗೆ ಎಲ್ಲೆಯೇ ಇಲ್ಲ. ಆಫ್ರಿಕಾ, ಏಷ್ಯಾ, ಅಮೆರಿಕ, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳು, ಎಲ್ಲ ಕಡೆ ಅದು ಇದೆ. ಬಿಸಿಲ ನಾಡುಗಳಲ್ಲಿ ಹೊರಗೇ ಸಲೀಸಾಗಿ ಬದುಕುತ್ತದೆ. ಚಳಿಯ ದೇಶಗಳಲ್ಲಿ ಬೆಚ್ಚನೆಯ ಗೋದಾಮುಗಳನ್ನು ಆಶ್ರಯಿಸುತ್ತದೆ.

ಅದು ಇಷ್ಟು ದೂರ ಹೋದದ್ದು ರೆಕ್ಕೆಯ ಬಲದಿಂದಲ್ಲ, ನಮ್ಮ ಬೆನ್ನೇರಿ. ಮನುಷ್ಯ ಯಾವುದನ್ನು ಒಣಗಿಸಿ ದೂರ ಸಾಗಿಸಿದನೋ ಅದೆಲ್ಲ ಈ ಹುಳುವಿನ ವಾಹನವಾಯಿತು. ಒಣಮಾಂಸ, ಒಣಮೀನು, ಚರ್ಮ, ಮೂಳೆ, ಗಿಣ್ಣು, ಕೊಬ್ಬರಿ. ಪೆಸಿಫಿಕ್ ದ್ವೀಪಗಳಿಂದಲೂ ಆಗ್ನೇಯ ಏಷ್ಯಾದಿಂದಲೂ ಕೊಬ್ಬರಿ ಹೇರಿಕೊಂಡು ಯೂರೋಪಿಗೆ ಹೊರಟ ಹಡಗುಗಳಲ್ಲಿ ಟಿಕೆಟ್ಟಿಲ್ಲದ ಪ್ರಯಾಣಿಕನಾಗಿ ಇದು ಇರುತ್ತಿತ್ತು. ‘ಕೊಬ್ಬರಿ ದುಂಬಿ’ ಎಂಬ ಇನ್ನೊಂದು ಹೆಸರು ಇದಕ್ಕೆ ಬಂದದ್ದು ಹೀಗೆ.

ಮನುಷ್ಯನ ಸಹವಾಸ ಇದಕ್ಕೆ ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿನ ಎಫ್. ಡಬ್ಲ್ಯು. ಹೋಪ್ ಎಂಬ ಪಾದ್ರಿ, ಆತನೂ ಕೀಟಪ್ರೇಮಿಯೇ, ಈಜಿಪ್ಟಿನ ಮಮ್ಮಿಗಳ ತಲೆಯೊಳಗೆ ಸಿಕ್ಕ ಕೀಟಗಳನ್ನು 1834ರಲ್ಲಿ ಪರೀಕ್ಷಿಸಿದ. ಅದರಲ್ಲೊಂದು ನೆಕ್ರೋಬಿಯಾ. ಹೊಸ ಜಾತಿಯೇ ಇರಬೇಕೆಂದು ಆತ ಅದಕ್ಕೆ ‘ಮಮ್ಮಿಗಳ ನೆಕ್ರೋಬಿಯಾ’ ಎಂಬರ್ಥದ ಹೆಸರು ಕೊಟ್ಟ. ಆಮೇಲೆ ಹೋಲಿಸಿ ನೋಡಿದರೆ ಅದು ಹೊಸದೇನೂ ಅಲ್ಲ, ಇದೇ ಕೆಂಗಾಲಿನ ದುಂಬಿ! ಫೇರೋಗಳ ನಾಡಿನಲ್ಲಿ ಗಂಧದ್ರವ್ಯ ಪೂಸಿ, ಬಟ್ಟೆ ಸುತ್ತಿ ಜತನವಾಗಿ ಇಟ್ಟ ದೇಹಗಳನ್ನೂ ಈ ಹುಳು ಬಿಟ್ಟಿರಲಿಲ್ಲ. ಒಣಗಿದ್ದು ಯಾರದೆಂದು ಅದು ಕೇಳುವುದಿಲ್ಲ.

ತಿಪಟೂರಿನ ಅಟ್ಟದ ಪಾಠ

ಈಗ ನಮ್ಮ ನಾಡಿಗೆ ಬರೋಣ. ಕೊಬ್ಬರಿ ಎಂದರೆ ತಿಪಟೂರು ಎನ್ನುವಷ್ಟು ಆ ಊರಿನ ಮಾರುಕಟ್ಟೆ ಹೆಸರುವಾಸಿ. ತುಮಕೂರು, ಹಾಸನ, ಚಿತ್ರದುರ್ಗ ಸೀಮೆಯ ರೈತರು ಮಾಡುವುದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸುಲಿಯದೆ, ಒಡೆಯದೆ ಅಟ್ಟದ ಮೇಲೆ ಹಾಕಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗಡಗಡ ಎನ್ನುತ್ತದೆ. ಆಮೇಲೆ ಸುಲಿದು ಚಿಪ್ಪು ಒಡೆದರೆ ಇಡೀ ಉಂಡೆ ಕೈಗೆ ಬರುತ್ತದೆ.

ಹುಳುವಿನ ಕಣ್ಣಿನಿಂದ ಈ ಪದ್ಧತಿಯನ್ನು ನೋಡಿ. ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರು. ಒಣಗುತ್ತ ಅದು ನೂರಕ್ಕೆ ಆರರ ಮಟ್ಟಕ್ಕೆ ಇಳಿಯಬೇಕು. ಅಲ್ಲಿಯವರೆಗಿನ ಅಪಾಯದ ತಿಂಗಳುಗಳಲ್ಲಿ ನಾರಿನ ಸಿಪ್ಪೆ ಮತ್ತು ಕಲ್ಲಿನಂಥ ಚಿಪ್ಪು ಎರಡೂ ಕಾವಲಿಗೆ ನಿಂತಿರುತ್ತವೆ. ಸಣ್ಣ ದುಂಬಿಗೆ ಒಳಗೆ ದಾರಿಯೇ ಇಲ್ಲ. ಕಾಯಿಯನ್ನು ಎರಡು ಹೋಳು ಮಾಡಿ ಬಿಸಿಲಿಗೆ ಹರವಿ ಒಣಗಿಸುವ ಕಡೆ ಈ ರಕ್ಷಣೆಯಿಲ್ಲ. ನಡುವೆ ಒಂದು ಮಳೆ ಬಂದರೆ ಸಾಕು, ತಿರುಳು ಬೂಷ್ಟು ಹಿಡಿಯುತ್ತದೆ, ನೊಣ ಕೂರುತ್ತದೆ, ಸೂಕ್ಷ್ಮ ನುಸಿಗಳು ಸೇರುತ್ತವೆ. ಅವುಗಳ ಹಿಂದೆಯೇ ಕೆಂಗಾಲಿನ ದುಂಬಿ ಬರುತ್ತದೆ. ಯಾವ ಕೀಟಶಾಸ್ತ್ರದ ಪುಸ್ತಕವನ್ನೂ ಓದದೆ ನಮ್ಮ ಹಿರಿಯರು ಕಂಡುಕೊಂಡ ಅಟ್ಟದ ಉಪಾಯ ಎಷ್ಟು ಸೊಗಸು!

ಕರಾವಳಿಯಲ್ಲಿ ಇದೇ ಕಥೆ ಒಣಮೀನಿನದು. ಉಪ್ಪು ಸಾಲದ, ಸರಿಯಾಗಿ ಒಣಗದ ಮೀನಿನ ಮೂಟೆ ಮಳೆಗಾಲದ ತೇವಕ್ಕೆ ಸಿಕ್ಕಿದರೆ ಹುಳು ಬಿದ್ದೀತು. ಬಿಸಿಲಿನ ನಾಲ್ಕು ತಿಂಗಳು ಮೈಮುರಿದು ಒಣಗಿಸಿದ ಮೀನು ಮಾರಿ ಮಳೆಗಾಲ ಕಳೆಯಬೇಕಾದ ಹೆಂಗಸರಿಗೆ ಇದು ಸಣ್ಣ ನಷ್ಟವಲ್ಲ.

ಕಳ್ಳನೋ ಕಾವಲುಗಾರನೋ?

ಹಾಗಾದರೆ ಇದು ಶುದ್ಧ ಪಿಡುಗು ಎನ್ನೋಣವೇ? ತುಸು ತಡೆಯಿರಿ. ಕುಲಕಸುಬನ್ನು ನೆಕ್ರೋಬಿಯಾ ಪೂರ್ತಿ ಮರೆತಿಲ್ಲ.

ಒಣಮೀನಿಗೆ ಬೀಳುವ ಹುಳುಗಳಲ್ಲಿ ಹೆಚ್ಚು ಹಾನಿ ಮಾಡುವುದು ಡರ್ಮೆಸ್ಟಿಸ್ ಎಂಬ ಚರ್ಮದ ದುಂಬಿ. ಅದರ ಕೂದಲು ಕೂದಲಿನ ಮರಿಗಳು ಮೀನನ್ನು ಮುಳ್ಳು ಮಾತ್ರ ಉಳಿಯುವಂತೆ ತಿಂದು ಹಾಕುತ್ತವೆ. ಕೆಂಗಾಲಿನ ದುಂಬಿಯೂ ಅದರ ಮರಿಗಳೂ ಈ ಡರ್ಮೆಸ್ಟಿಸ್‌ನ ಮೊಟ್ಟೆ, ಎಳೆಮರಿಗಳನ್ನು ಬೇಟೆಯಾಡುತ್ತವೆ. ಮಾಂಸ ಮತ್ತು ಗಿಣ್ಣಿಗೆ ಬೀಳುವ, ಎಗರಿ ಎಗರಿ ಹಾರುವ ನೊಣದ ಹುಳುಗಳನ್ನೂ ತಿನ್ನುತ್ತವೆ. ಕೊಬ್ಬರಿಯಲ್ಲಿ ನುಸಿಗಳನ್ನು ಹಿಡಿಯುತ್ತವೆ. ಅಂದರೆ ಒಂದೇ ಹುಳು ಒಂದೇ ಮೂಟೆಯಲ್ಲಿ ಕದಿಯುವುದೂ ಉಂಟು, ಕಾಯುವುದೂ ಉಂಟು. ಕಾವಲುಗಾರನೇ ಕಣಜದಿಂದ ಎರಡು ಹಿಡಿ ಎತ್ತಿಕೊಂಡಂತೆ.

ಹೊರಗಿನ ಬಯಲಿನಲ್ಲಂತೂ ಇದರ ಉಪಕಾರವೇ ಹೆಚ್ಚು. ಪ್ರಾಣಿಯೊಂದು ಸತ್ತರೆ ಮೊದಲು ನೊಣಗಳು ಬರುತ್ತವೆ. ಮೆದು ಭಾಗವೆಲ್ಲ ಮುಗಿದು ಚರ್ಮ, ನರ, ಮೂಳೆ ಒಣಗಿ ಉಳಿದ ಮೇಲೆ ಡರ್ಮೆಸ್ಟಿಸ್, ನೆಕ್ರೋಬಿಯಾಗಳ ಸರದಿ. ಉಳಿದದ್ದನ್ನೂ ಅರಗಿಸಿ ಮಣ್ಣಿಗೆ ಮರಳಿಸುವುದು ಅವುಗಳ ಕೆಲಸ. ಈ ಸರದಿಯ ಕ್ರಮವನ್ನು ಫ್ರಾನ್ಸಿನ ಪಿಯೆರ್ ಮೆನ್ಯಾಂ 1894ರಲ್ಲಿ ಒಂದು ಪುಸ್ತಕದಲ್ಲಿ ಎಂಟು ಅಲೆಗಳಾಗಿ ವಿಂಗಡಿಸಿದ. ಇಂದು ಅಪರಾಧ ಪತ್ತೆ ಮಾಡುವ ವಿಜ್ಞಾನಿಗಳು ಶವದ ಬಳಿ ಸಿಗುವ ಕೀಟಗಳಿಂದ ಸಾವು ಸಂಭವಿಸಿ ಎಷ್ಟು ಕಾಲವಾಗಿರಬಹುದೆಂದು ಅಂದಾಜು ಮಾಡುವಾಗ ನೆಕ್ರೋಬಿಯಾವನ್ನೂ ಗಮನಿಸುತ್ತಾರೆ. ಅದು ಇದ್ದರೆ ಕಾಲ ಸಾಕಷ್ಟು ಸಂದಿದೆ ಎಂದು ಸೂಚನೆ. ಇದೊಂದರಿಂದಲೇ ದಿನ ಲೆಕ್ಕ ಹಾಕಲಾಗದು, ಆದರೂ ಮಾತಾಡದ ಸಾಕ್ಷಿಗಳಲ್ಲಿ ಇದೂ ಒಂದು.

ಪಿಡುಗೆಂದು ಕುರುಡಾಗಿ ಕೊಲ್ಲಹೊರಟರೆ ಏನಾಗುತ್ತದೆಂಬುದಕ್ಕೂ ಈ ಹುಳುವಿನ ಚರಿತ್ರೆಯಲ್ಲಿ ಉದಾಹರಣೆಯಿದೆ. ಅಮೆರಿಕದ ಹ್ಯಾಮ್ ಗೋದಾಮುಗಳಲ್ಲಿ ಇದನ್ನೂ ನುಸಿಗಳನ್ನೂ ಕೊಲ್ಲಲು ಬಹುಕಾಲ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಬಿಡುತ್ತಿದ್ದರು. ಆ ಅನಿಲ ಮೇಲೇರಿ, ಭೂಮಿಯನ್ನು ಸೂರ್ಯನ ಅತಿನೇರಳೆ ಕಿರಣಗಳಿಂದ ಕಾಪಾಡುವ ಓಝೋನ್ ಪದರವನ್ನೇ ತಿನ್ನುತ್ತದೆಂದು ತಿಳಿದುಬಂತು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಆಮೇಲೆ ಸೇರಿಸಿದ ನಿಯಮಗಳಂತೆ ಮುಂದುವರಿದ ದೇಶಗಳು 2005ರ ಹೊತ್ತಿಗೆ, ನಮ್ಮಂಥ ದೇಶಗಳು 2015ರ ಹೊತ್ತಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟು ಅದರ ಬಳಕೆಯನ್ನು ಕೈಬಿಡಬೇಕಾಯಿತು. ಅಕ್ಕಿಕಾಳಿನಷ್ಟು ಹುಳುವಿಗೆ ಹೊಡೆದ ಕಲ್ಲು ಆಕಾಶಕ್ಕೆ ತಗುಲಿತ್ತು.

ಮನೆಯಲ್ಲಿ ಕಂಡರೆ

ಇಷ್ಟೆಲ್ಲ ಕೇಳಿದ ಮೇಲೂ ಕೊಬ್ಬರಿ ಡಬ್ಬಿಯಲ್ಲಿ ಅದು ಬೇಡ ಎನ್ನುವುದು ನ್ಯಾಯವೇ. ಉಪಾಯ ಬಹಳ ಸುಲಭ. ಈ ಹುಳುವಿನ ಗೆಳೆಯ ತೇವ, ಶತ್ರು ಒಣಗು. ಮಳೆಗಾಲಕ್ಕೆ ಮೊದಲು ಕೊಬ್ಬರಿಯನ್ನು ಒಮ್ಮೆ ಚೆನ್ನಾಗಿ ಬಿಸಿಲಿಗಿಟ್ಟು, ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ತಿಂಗಳಿಗೆ ಬೇಕಾದಷ್ಟೇ ಕೊಳ್ಳುವುದು ಇನ್ನೂ ಉತ್ತಮ. ಒಣಮೀನಿಗೂ ಇದೇ ಮಾತು. ಕಪಾಟಿನ ಸಂದುಗೊಂದುಗಳನ್ನು ಗುಡಿಸಿ. ಕಾಗದದ ಬಾಗಿಲು ಹಾಕಿಕೊಂಡು ಮಲಗಿದವರು ಅಲ್ಲಿಯೇ ಇರುತ್ತಾರೆ. ತಿನ್ನುವ ಪದಾರ್ಥದ ಹತ್ತಿರ ಕೀಟನಾಶಕ ಸಿಂಪಡಿಸುವುದು ಮಾತ್ರ ಖಂಡಿತ ಬೇಡ.

ಇನ್ನೊಂದು ಮಾತು. ಹುಳುವಿಗಿಂತ ಬೂಷ್ಟಿಗೆ ಹೆಚ್ಚು ಹೆದರಬೇಕು. ಬೂಷ್ಟು ಹಿಡಿದ ಕೊಬ್ಬರಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರಿರಬಹುದು. ಅದು ಯಕೃತ್ತಿಗೆ ಕೆಡುಕು, ಕಾಯಿಸಿದರೂ ಪೂರ್ತಿ ಹೋಗದು. ಕೆರೆದು ಬಳಸುವ ಜಿಪುಣತನ ಬಿಟ್ಟು ಎಸೆದುಬಿಡಿ. ಡಬ್ಬಿಯಲ್ಲಿ ನೀಲಿ ಹುಳು ಕಂಡಿತೆಂದರೆ, ‘ಇಲ್ಲಿ ತೇವ ಸೇರಿದೆ, ನೋಡು’ ಎಂದು ಅದು ಎಚ್ಚರಿಸುತ್ತಿದೆ ಎಂದುಕೊಳ್ಳಿ.

ಎಸೆಯುವ ಮೊದಲು ಒಂದು ಕೆಲಸ. ಹುಳುವನ್ನು ಗಾಜಿನ ಸಣ್ಣ ಸೀಸೆಗೆ ಹಾಕಿ ಮಕ್ಕಳ ಕೈಗೆ ಕೊಡಿ. ಕಾಲಿನ ಬಣ್ಣ ಯಾವುದು? ಮೀಸೆಯ ಗದೆಗೆ ಎಷ್ಟು ಗಂಟು? ಕೊಬ್ಬರಿಯ ಸಂದಿನಲ್ಲಿ ಮರಿಯಿದ್ದರೆ ಬಾಲದ ಕೊಕ್ಕೆ ಕಾಣುತ್ತದೆಯೇ? ಒಂದು ನೋಟ್ ಪುಸ್ತಕದಲ್ಲಿ ಊರು, ತಾರೀಕು, ಯಾವುದರ ಮೇಲೆ ಸಿಕ್ಕಿತು ಎಂಬುದನ್ನು ಬರೆದಿಡಲಿ. ಜೀವಿಯೊಂದು ಎಲ್ಲೆಲ್ಲಿ ಇದೆ ಎಂದು ವಿಜ್ಞಾನ ಅರಿಯುವುದು ಇಂಥ ಮೂರು ಸಾಲಿನ ಟಿಪ್ಪಣಿಗಳು ಸಾವಿರಾರು ಸೇರಿದಾಗಲೇ.

ಹದಿನೈದರ ಹುಡುಗ

ಬಿಡುಗಡೆಯಾದ ಲಾತ್ರೇಯ್ ಎರಡು ವರ್ಷದ ನಂತರ, 1796ರಲ್ಲಿ, ಕೀಟಗಳನ್ನು ಅವುಗಳ ಸಹಜ ಸಂಬಂಧಗಳಂತೆ ವರ್ಗೀಕರಿಸುವ ಪುಸ್ತಕವೊಂದನ್ನು ತನ್ನೂರು ಬ್ರೀವ್‌ನಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. 1798ರಲ್ಲಿ ಪ್ಯಾರಿಸ್ಸಿನ ಪ್ರಕೃತಿ ವಸ್ತುಸಂಗ್ರಹಾಲಯಕ್ಕೆ ಸೇರಿ ಲಾಮಾರ್ಕ್‌ನ ಜೊತೆ ದುಡಿದ. ಅಲ್ಲಿ ಕೀಟವಿಜ್ಞಾನದ ಪ್ರಾಧ್ಯಾಪಕನ ಹುದ್ದೆ ಆತನಿಗೆ ದೊರೆತದ್ದು 1830ರಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ. ಮೂರು ವರ್ಷದ ನಂತರ, 1833ರ ಫೆಬ್ರವರಿ 6ರಂದು, ತೀರಿಕೊಂಡ. ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ ಕೀಟವಿಜ್ಞಾನಿಗಳು ಹಣ ಕೂಡಿಸಿ ನಿಲ್ಲಿಸಿದ ಒಂಬತ್ತು ಅಡಿಯ ಸ್ತಂಭವಿದೆ. ಅದರ ಮೇಲೆ ಸೆರೆಮನೆಯ ಆ ಹುಳುವಿನ ಹೆಸರು ಕೆತ್ತಿ, ಲಾತ್ರೇಯ್‌ನ ಪ್ರಾಣರಕ್ಷಕ ಎಂದು ಲ್ಯಾಟಿನ್ನಿನಲ್ಲಿ ಬರೆದಿದ್ದಾರೆ.

ಆದರೆ ರಕ್ಷಕ ಹುಳು ಒಂದೇ ಎನ್ನಲಾದೀತೆ? ಆ ಹುಳು ಸೆರೆಮನೆಯ ಎಷ್ಟೋ ಜನರ ಕಣ್ಣಮುಂದೆ ಹರಿದಾಡಿರಬೇಕು. ಒಣಗಿದ ತುಣುಕು, ಸತ್ತ ಇಲಿ ಇರುವ ಕಡೆ ಅದು ಇರುವುದೇನು ದೊಡ್ಡದಲ್ಲ. ಕಂಡದ್ದನ್ನು ನೋಡಲು ಕಲಿತಿದ್ದವನು ಒಬ್ಬನೇ. ಅವನ ಮಾತಿಗೆ ಕಿವಿಗೊಟ್ಟ ವೈದ್ಯನಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಊರಿನಲ್ಲಿ ಹುಳುಹುಪ್ಪಟೆಯ ಪುಸ್ತಕ ಓದಿಕೊಂಡಿದ್ದ ಹದಿನೈದರ ಹುಡುಗನಿದ್ದ. ಅವನಿಗೆ ಆ ಹೆಸರು ಗೊತ್ತಿರದಿದ್ದರೆ ಹುಳು ಒಂದು ಹುಳುವಾಗಿಯೇ ಉಳಿಯುತ್ತಿತ್ತು, ಕೈದಿ ಒಬ್ಬ ಕೈದಿಯಾಗಿಯೇ ಹೋಗುತ್ತಿದ್ದ. ಆ ಹುಡುಗ ಮುಂದೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಬೆಟ್ಟಗಳನ್ನು ಹತ್ತಿಳಿದು ಬರೆದ ಹೆಸರಾಂತ ಪ್ರಕೃತಿಶಾಸ್ತ್ರಜ್ಞನಾದ.

‘ಹುಳ ನೋಡುತ್ತ ಕೂತರೆ ಮಾರ್ಕ್ಸ್ ಬರುತ್ತದೆಯೇ?’ ಎಂದು ಗದರುವ ತಂದೆತಾಯಂದಿರ ಆತಂಕ ಸುಳ್ಳಲ್ಲ. ಬಾರದಿರಬಹುದು. ಬೋರ್ಡೋ ನಗರದ ಆ ಹುಡುಗನಿಗೂ ಯಾರಾದರೂ ಹಾಗೆಯೇ ಗದರಿರಬಹುದು. ಮುಂದಿನ ಸಲ ಕೊಬ್ಬರಿ ಡಬ್ಬಿ ತೆರೆದಾಗ ನೀಲಿ ಚುಕ್ಕೆಯೊಂದು ಓಡಿದರೆ, ಮೊರ ಎತ್ತುವ ಮೊದಲು ಮಗುವನ್ನು ಒಮ್ಮೆ ಕರೆಯಿರಿ. ಕಾಲು ಕೆಂಪೋ, ಕೊರಳು ಕೆಂಪೋ, ಅದೇ ನೋಡಿ ಹೇಳಲಿ.